ಎರೆ ಮಣ್ಣಿನ ಸೈಟು, ಮನೆ ಕಟ್ಟಿದವರು ಅನುಭವ ಹೇಳಿ

ಹುಬ್ಬಳ್ಳಿ ಹೊಸ ಸೈಟು: ಗದಗ ರಸ್ತೆ ಕಡೆ 30x40 ಸೈಟು ತಗೊಂಡಿದ್ದೇನೆ. ಪೂರ್ತಿ ಎರೆ, ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಕಪ್ಪು ಮಣ್ಣು. ಜೆಸಿಬಿಯಿಂದ 9 ಅಡಿ ತೆಗೆಸಿದರೂ ಗರಸು (ಗಟ್ಟಿ ಕಲ್ಲುಮಣ್ಣು) ಸಿಗಲಿಲ್ಲ. ನೆಲಮಹಡಿ ಮಾತ್ರ ಕಟ್ಟೋದು. ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಹಾಕಿಸಲಾ, ಎರೆ ತೆಗೆದು ಗರಸು ತುಂಬಿಸಲಾ? ಒಳಚರಂಡಿ ಇಲ್ಲ, ಕೊಳಚೆ ನೀರು ನೆಲಕ್ಕೆ ಇಂಗಿಸುವ ಇಂಗು ಗುಂಡಿ ನಡೆಯುತ್ತಾ? ಮೂಲೆಯಲ್ಲಿ ಒಂದು ಹಳೇ ಬೇವಿನ ಮರವೂ ಇದೆ.

ನವಲಗುಂದದಕ್ಕ: ಗರಸು ಅನ್ನೋ ಮಾತು ಕೇಳಿದರೆ ಈಗಲೂ ಹೊಟ್ಟೆ ಉರಿಯುತ್ತದೆ. 2014ರಲ್ಲಿ ಕಟ್ಟಿಸಿದೆವು. ಐದು ಅಡಿ ತೆಗೆದು ಗರಸು ತುಂಬಿದರೆ ಸಾಕು ಅಂದ ಗೌಂಡಿ. 46 ಟಿಪ್ಪರ್, ಒಂದಕ್ಕೆ 2,800. ಒಟ್ಟು 1,28,800. ಚೀಟಿ ಇನ್ನೂ ಇಟ್ಟಿದ್ದೇನೆ. ಎರಡನೇ ಮಳೆಗಾಲಕ್ಕೆ ಮಲಗೋ ಕೋಣೆ ಬಾಗಿಲು ಕಚ್ಚಿಕೊಂಡಿತು, ರಂದಾ ಹೊಡೆಸಿದೆ. ಬೇಸಿಗೆಯಲ್ಲಿ ಅದೇ ಬಾಗಿಲ ಸಂದಿಯಲ್ಲಿ ಬೆರಳು ಹೋಗುತ್ತಿತ್ತು. ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಎದ್ದಿತು. ಬೆಳೆಯುತ್ತಿದೆಯಾ ನೋಡೋಣ ಅಂತ ಬಿರುಕಿನ ಮೇಲೆ ಗಾಜಿನ ತುಂಡು ಅಡ್ಡ ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿ, ಪೆನ್ಸಿಲ್‌ನಲ್ಲಿ ತಾರೀಖು ಬರೆದೆ. ಇಪ್ಪತ್ತನೇ ದಿನ ರಾತ್ರಿ ಗಾಜು ಟಕ್ ಅಂತ ಮುರಿಯಿತು. ಮೂರು ಸಲ ಗಿಲಾವು ಮಾಡಿಸಿದ್ದೇವೆ.

ಧಾರವಾಡ ಮೇಷ್ಟ್ರು: ಅಕ್ಕಾರ, ತಪ್ಪು ಗರಸಿನದಲ್ಲ. ನಮ್ಮದೂ ಗರಸಿನ ಮನೆ, 11 ವರ್ಷ ಆಯಿತು, ಒಂದು ಕೂದಲೆಳೆ ಬಿರುಕಿಲ್ಲ. ಆರಾರು ಇಂಚಿನ ಪದರ ಹಾಕಿ, ನೀರು ಹೊಡೆದು, ದಿಮ್ಮಸು ಹಾಕಿಸಿದೆ. ಎದುರಿಗೆ ನಿಂತು ಮಾಡಿಸಿದೆ, ರಜೆ ಹಾಕಿ. ಮನೆ ಸುತ್ತ ನಾಲ್ಕು ಅಡಿ ಕಾಂಕ್ರೀಟ್, ಹೊರಗೆ ಇಳಿಜಾರು. ಮಳೆ ನೀರು ಪಾಯಕ್ಕೆ ಹೋಗಲೇಬಾರದು. ನೀವು ಟಿಪ್ಪರ್ ಸುರಿಸಿ ಮನೆಗೆ ಹೋಗಿರಬೇಕು.

ನವಲಗುಂದದಕ್ಕ: ಮೂರು ತಿಂಗಳ ಕೂಸು ಎತ್ತಿಕೊಂಡು ಬಿಸಿಲಲ್ಲಿ ನಿಂತಿದ್ದೆ ಸರ್. ನೋಡದೇ ಹೇಳಬೇಡಿ.

ಪೈಲ್ ಹಾಕಿಸಿದವ, ಗದಗ: ಸುತ್ತಲೂ ಎರೆ ಇರುವಾಗ ಮಧ್ಯೆ ಗರಸು ತುಂಬಿದರೆ ಅದು ತೊಟ್ಟಿ ಆಗುತ್ತದೆ. ಬಂದ ನೀರು ಅಲ್ಲೇ ನಿಲ್ಲುತ್ತದೆ. ನಾನು ಮೊದಲು ಮಣ್ಣು ಪರೀಕ್ಷೆ ಮಾಡಿಸಿದೆ, 16,500. ಆಮೇಲೆ ಬುಡ ಉಬ್ಬಿರುವ ಪೈಲ್, 22. ಆಳ ಮೂರೂವರೆ ಮೀಟರ್, ಕಂಬ 300 ಮಿಮೀ, ಬುಡದ ಉಬ್ಬು 750. ಒಂದಕ್ಕೆ 12,000, ಒಟ್ಟು 2,64,000. ಮೇಲಿನ ಮಣ್ಣು ಉಬ್ಬಿ ಎತ್ತಿದರೂ ಕೆಳಗಿನ ಉಬ್ಬು ಹಿಡಿದುಕೊಳ್ಳುತ್ತದೆ. ಗೋಡೆ ಹೊರುವ ಪ್ಲಿಂತ್ ಬೀಮ್ ಕೆಳಗೆ, ಮಣ್ಣು ಉಬ್ಬಲು ಜಾಗ ಇರಲಿ ಅಂತ, 80 ಮಿಮೀ ಖಾಲಿ ಬಿಡಿಸಿದೆ. ಗೌಂಡಿ ಅದನ್ನೂ ಮಣ್ಣಿನಿಂದ ಮುಚ್ಚಲು ಹೊರಟಿದ್ದ, ಜಗಳ ಮಾಡಿ ತೆಗೆಸಿದೆ. ಮನೆಗೆ ಏನೂ ಆಗಿಲ್ಲ. ಕಂಪೌಂಡ್‌ಗೆ ಮಾತ್ರ ಎರಡು ಅಡಿ ಪಾಯ ಹಾಕಿ ಕೆಟ್ಟೆ. ರಸ್ತೆ ಕಡೆ ವಾಲಿತು, 38,000 ನಷ್ಟ.

ಧಾರವಾಡ ಮೇಷ್ಟ್ರು: ಎರಡೂಮುಕ್ಕಾಲು ಲಕ್ಷ ಎಲ್ಲರ ಹತ್ತಿರ ಇರುತ್ತಾ? ಪಗಾರದ ಮೇಲೆ ಕಟ್ಟಿದವರು ನಾವು.

ಪುತ್ತೂರಿನವಳು: ಇಂಗು ಗುಂಡಿ ವಿಚಾರಕ್ಕೆ ಹೇಳುತ್ತೇನೆ, ಮೊದಲು ನೀರು ಇಂಗಿಸಿ ನೋಡಿ. ನಮ್ಮಲ್ಲಿ ಮೇಲೆ ಮುರಕಲ್ಲು, ಕೆಳಗೆ ಮೆತ್ತನೆಯ ಶೇಡಿ ಮಣ್ಣು. ಗುಂಡಿಗೆ ಬಿಟ್ಟ ನೀರು ಕ್ಷಣದಲ್ಲಿ ಇಂಗುತ್ತಿತ್ತು, ಖುಷಿಪಟ್ಟೆವು. ಎರಡು ವರ್ಷಕ್ಕೆ ಬಾವಿ ನೀರು ವಾಸನೆ ಬಂತು. ಅಳೆದರೆ ಗುಂಡಿಗೂ ಬಾವಿಗೂ 9 ಮೀಟರ್. 18 ಮೀಟರ್ ದೂರ ಇರಬೇಕಂತೆ, ಆಮೇಲೆ ತಿಳಿಯಿತು. ಹೊಸ ಗುಂಡಿ, ಬಾವಿ ಖಾಲಿ ಮಾಡಿಸಿದ್ದು ಸೇರಿ 71,000. ಅತ್ತೆಗೆ ಕಾಮಾಲೆ ಆದದ್ದು ಬೇರೆ.

ಪೈಲ್ ಹಾಕಿಸಿದವ, ಗದಗ: ಅಕ್ಕಾ, ಕರಾವಳಿ ಕಥೆ ಇಲ್ಲಿ ನಡೆಯಲ್ಲ. ಒದ್ದೆ ಎರೆಯಲ್ಲಿ ನೀರು ಇಂಗುವುದೇ ಇಲ್ಲ ಅನ್ನಬಹುದು.

ಪುತ್ತೂರಿನವಳು: ಅದಕ್ಕೇ ಹೇಳಿದ್ದು, ಮೊದಲು ಇಂಗಿಸಿ ನೋಡಿ ಅಂತ. ಪೂರ್ತಿ ಓದದೆ ಬಾಯಿ ಮುಚ್ಚಿಸಬೇಡಿ.

ಅಣ್ಣಿಗೇರಿ: ಇಬ್ಬರ ಮಾತೂ ಸರಿ. ನಾನು ಪರೀಕ್ಷಿಸದೆ ಗುಂಡಿ ತೆಗೆಸಿದೆ. ಶ್ರಾವಣದಲ್ಲಿ ತುಂಬಿ, ಬಚ್ಚಲಿಗೇ ತಿರುಗಿ ಬಂತು. ಸಕ್ಕಿಂಗ್ ಗಾಡಿಗೆ ಸಲಕ್ಕೆ 1,800, ಆ ವರ್ಷ ಹನ್ನೊಂದು ಸಲ ಕರೆಸಿದೆ. ಗುಂಡಿ ತೋಡಿ ರಾತ್ರಿಯೆಲ್ಲಾ ನೀರು ಕುಡಿಸಿ, ಬೆಳಿಗ್ಗೆ 25 ಮಿಮೀ ಇಳಿಯಲು ಎಷ್ಟು ಹೊತ್ತು ಅಂತ ನೋಡಬೇಕು. ಅರ್ಧ ಗಂಟೆ ದಾಟಿದರೆ ಇಂಗು ಗುಂಡಿ ಆಸೆ ಬಿಡಬೇಕು. ಆಮೇಲೆ ಪರೀಕ್ಷಿಸಿದಾಗ ನನ್ನದು ಮೂರು ಗಂಟೆಗೂ ಇಳಿಯಲಿಲ್ಲ. ಮತ್ತೆ ಆ ಬೇವು ಕಡಿಸಿಬಿಡಿ, ಬೇರು ನೀರು ಹೀರಿ ಮಣ್ಣು ಕುಗ್ಗಿಸುತ್ತದೆ.

ಧಾರವಾಡ ಮೇಷ್ಟ್ರು: ಕಡಿಸಿ ಅಂತ ಸುಲಭವಾಗಿ ಹೇಳಬೇಡಿ! ದೊಡ್ಡ ಮರ ಕಡಿದರೆ ಅದು ಕುಡಿಯುತ್ತಿದ್ದ ನೀರು ಮಣ್ಣಲ್ಲೇ ಉಳಿದು, ವರ್ಷಗಟ್ಟಲೆ ಉಬ್ಬುತ್ತದೆ. ಮನೆಯನ್ನೇ ದೂರ ಸರಿಸಿ ಕಟ್ಟಲಿ.

ಅಣ್ಣಿಗೇರಿ: 30x40ರಲ್ಲಿ ಎಲ್ಲಿಗೆ ಸರಿಸೋದು ಸರ್?

ಧಾರವಾಡ ಮೇಷ್ಟ್ರು: ನಮ್ಮಪ್ಪ ನೆಟ್ಟ ಬೇವನ್ನು ನಾನು ಉಳಿಸಿಕೊಂಡೇ ಕಟ್ಟಿದ್ದೇನೆ. ಮನಸ್ಸಿರಬೇಕು.

ನವಲಗುಂದದಕ್ಕ: ಮರದ ಜಗಳ ಆಮೇಲೆ ಆಡಿ. ಸೈಟಿನವರೇ, ನಿರ್ಧಾರ ಮಾಡೋ ಮೊದಲು ನಮ್ಮ ಮನೆಗೆ ಒಮ್ಮೆ ಬನ್ನಿ. ಗಾಜಿನ ತುಂಡು ಗೋಡೆಯಲ್ಲೇ ಇದೆ, ಮುಟ್ಟಿ ನೋಡಿ. ಮೇ ತಿಂಗಳಲ್ಲಿ ಬನ್ನಿ. ಮಳೆ ಬಿದ್ದ ಮೇಲೆ ಬಿರುಕು ಮುಚ್ಚಿಕೊಂಡು, ಮನೆ ಚೆನ್ನಾಗಿಯೇ ಇದೆ ಅನ್ನಿಸುತ್ತದೆ.