ಬ್ಯಾಂಕುಗಳು ಮುಳುಗಿದ ಮೇಲೆ ಐಸ್‌ಲ್ಯಾಂಡ್ ಚೇತರಿಸಿಕೊಂಡದ್ದು ಹೇಗೆ?

ಪ್ರಶ್ನೆ (ರಾಯಚೂರು): 2008ರ ಅಕ್ಟೋಬರ್‌ನಲ್ಲಿ ಐಸ್‌ಲ್ಯಾಂಡಿನ ಮೂರು ದೊಡ್ಡ ಬ್ಯಾಂಕುಗಳು ಒಂದೇ ವಾರದಲ್ಲಿ ಕುಸಿದವು. ಇಲ್ಲಿನ ಹತ್ತಿ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುವ ನನಗೆ, ಒಬ್ಬ ದಲಾಲರು ಕೈಯೆತ್ತಿದರೆ ಎಷ್ಟು ರೈತರ ಹಣ ನಿಲ್ಲುತ್ತದೆಂಬುದು ಗೊತ್ತಿರುವುದರಿಂದ, ಇಡೀ ದೇಶವೊಂದು ಅದನ್ನು ದಾಟಿದ ಬಗೆಯನ್ನು ತಿಳಿಯಬೇಕೆನಿಸಿದೆ.

ಉತ್ತರ (ಗಂಗಾವತಿ): ಆ ಬ್ಯಾಂಕುಗಳ ಒಟ್ಟು ಆಸ್ತಿ ದೇಶದ ವಾರ್ಷಿಕ ಉತ್ಪನ್ನದ ಹಲವು ಪಟ್ಟು ಇದ್ದುದರಿಂದ, ಅವನ್ನು ಉಳಿಸುವ ಶಕ್ತಿಯೇ ಸರ್ಕಾರಕ್ಕಿರಲಿಲ್ಲ ಸರ್. ದೇಶದೊಳಗಿನ ಠೇವಣಿಗಳನ್ನು ಹೊಸ ಬ್ಯಾಂಕುಗಳಿಗೆ ವರ್ಗಾಯಿಸಿ, ವಿದೇಶಿ ಸಾಲವನ್ನು ಹಳೆಯವುಗಳಲ್ಲೇ ಬಿಟ್ಟರು. ನಷ್ಟದ ಬಹುಪಾಲು ಸಾಲ ಕೊಟ್ಟವರ ತಲೆಗೆ ಬಿತ್ತು. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಸುಮಾರು 210 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಬಂಡವಾಳ ಹೊರಹೋಗದಂತೆ ಹಾಕಿದ ನಿರ್ಬಂಧಗಳು ಬಹುಮಟ್ಟಿಗೆ ತೆರವಾದದ್ದು 2017ರಲ್ಲಿ.

ಉತ್ತರ (ಬಳ್ಳಾರಿ): ಐಸ್‌ಲ್ಯಾಂಡಿನ ಹಣವಾದ ಕ್ರೋನಾದ ಬೆಲೆ ಬಿದ್ದದ್ದರಿಂದ ಮೀನಿನ ರಫ್ತಿಗೂ ಪ್ರವಾಸೋದ್ಯಮಕ್ಕೂ ಅನುಕೂಲವಾಯಿತು, ನಿಜ. ಆದರೆ ಬೆಲೆಯೇರಿಕೆಗೆ ಜೋಡಿಸಿದ ಮನೆಸಾಲ ಪಡೆದಿದ್ದ ಕುಟುಂಬಗಳು ತಿಂಗಳು ತಿಂಗಳು ಕಂತು ಕಟ್ಟುತ್ತಿದ್ದರೂ ಅಸಲು ಏರುತ್ತಲೇ ಹೋಯಿತು. ಈ ನೋವನ್ನು ಬಿಟ್ಟು ಚೇತರಿಕೆಯ ಮಾತಾಡುವುದು ನನಗೆ ಸರಿಯೆನಿಸುವುದಿಲ್ಲ. ಅಂಥ ಸಾಲದ ಒಂದು ಭಾಗವನ್ನು ಸರ್ಕಾರ ಇಳಿಸಿದ್ದು 2014ರಲ್ಲಿ.

ಉತ್ತರ (ಕೊಪ್ಪಳ): ಐರ್ಲೆಂಡಿನೊಡನೆ ಹೋಲಿಸಿ ನೋಡಿ. ಅಲ್ಲಿ ಬ್ಯಾಂಕುಗಳ ಹೊಣೆಯನ್ನು ಸರ್ಕಾರವೇ ಹೊತ್ತುಕೊಂಡು, 2010ರಲ್ಲಿ ಹೊರಗಿನ ನೆರವಿಗೆ ಕೈಚಾಚಬೇಕಾಯಿತು; ಬೆಲೆ ಇಳಿಸಿಕೊಳ್ಳಲು ಆ ದೇಶಕ್ಕೆ ಕ್ರೋನಾದಂಥ ಸ್ವಂತ ನಾಣ್ಯವೂ ಇರಲಿಲ್ಲ.