ದಿನಾ ಸಿಲ್ಕ್ ಬೋರ್ಡ್ ದಾಟಲು ಹಳೇ ಪೋಲೊ ಜಿಟಿ ಟಿಎಸ್‌ಐ ತಗೊಳ್ಳಬಹುದಾ?

ನಾಗರಭಾವಿ ಸವಾರ:

ಎಲ್ಲರಿಗೂ ನಮಸ್ಕಾರ. ಮನೆ ನಾಗರಭಾವಿ, ಆಫೀಸು ಬೆಳ್ಳಂದೂರು. ನಾಯಂಡಹಳ್ಳಿ, ಬನಶಂಕರಿ, ಸಿಲ್ಕ್ ಬೋರ್ಡ್ ದಾರಿಯಲ್ಲಿ ಹೋಗಿ ಬರಬೇಕು. ತಿಂಗಳಿಗೊಮ್ಮೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹಾಸನಕ್ಕೆ ಹೋಗುತ್ತೇನೆ. ಕೈಯಲ್ಲಿ ಏಳೂವರೆ ಲಕ್ಷ ಇದೆ, ಸಾಲ ಮಾಡುವ ಮನಸ್ಸಿಲ್ಲ.

ಕಾಲೇಜಿನಲ್ಲಿದ್ದಾಗಿಂದಲೂ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಆಸೆ. ಈಗ ಕಣ್ಣಿಗೆ ಬಿದ್ದಿರುವುದು ಮೂರು: 2017ರ ಪೋಲೊ ಜಿಟಿ ಟಿಎಸ್‌ಐ, 2018ರ ಬಲೆನೊ ಆರ್‌ಎಸ್, 2016ರ ಅಬಾರ್ತ್ ಪುಂಟೊ. ಭಾನುವಾರ ಬೆಳಿಗ್ಗೆ ಪೋಲೊವನ್ನು ನೈಸ್ ರೋಡಿನಲ್ಲಿ ಓಡಿಸಿ ನೋಡಿದೆ. ಅದು ಎಳೆಯುವ ರೀತಿ ನೋಡಿ ಮನಸ್ಸು ಅಲ್ಲೇ ನಿಂತುಬಿಟ್ಟಿದೆ. ಓಡಿರುವುದು 64 ಸಾವಿರ ಕಿಲೋಮೀಟರ್, ಓನರ್ 6.8 ಲಕ್ಷ ಹೇಳುತ್ತಿದ್ದಾರೆ. ಆದರೆ ಅದರಲ್ಲಿರುವ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಅಂದ ಕೂಡಲೇ ಹೆದರಿಸುವವರೇ ಜಾಸ್ತಿ. ದಿನಾ ಓಡಿಸುವವರು ಹೇಳಿ, ತಗೊಳ್ಳಲಾ, ಬಿಡಲಾ?

ಆರ್‌ಎಸ್ ಅಕ್ಕ:

ನಾನು ಬಲೆನೊ ಆರ್‌ಎಸ್ ಓಡಿಸುತ್ತೇನೆ. 1.0 ಬೂಸ್ಟರ್‌ಜೆಟ್, 102 ಪಿಎಸ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಕ್ಲಚ್ ಹಗುರ. ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗ ಇದೆ. ಪೋಲೊದಲ್ಲಿ ಹಿಂದೆ ಕೂತು ಹಾಸನ ಮುಟ್ಟುವಷ್ಟರಲ್ಲಿ ಅಪ್ಪನ ಮಂಡಿ ಹಿಡಿದುಕೊಂಡಿರುತ್ತದೆ. ಒಂದೇ ಕೊರತೆ, ಆರ್‌ಎಸ್‌ಗೆ ಮಾತ್ರ ಬರುವ ಕೆಲವು ಭಾಗಗಳಿಗೆ ಆರ್ಡರ್ ಕೊಟ್ಟು ಕಾಯಬೇಕು.

ವಿಜಯನಗರದ ಟಿಎಸ್‌ಐ:

ತಮ್ಮಾ, ನನ್ನದೂ 1.2 ಜಿಟಿ ಟಿಎಸ್‌ಐ. 105 ಪಿಎಸ್, 175 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ) ಅಂದರೆ ಕೇಳಲು ದೊಡ್ಡದೇನಲ್ಲ. ಆದರೆ ಕುಣಿಗಲ್ ಬೈಪಾಸಿನಲ್ಲಿ ಲಾರಿ ಹಿಂದೆ ಹಾಕುವಾಗ ಆ ಎಂಜಿನ್ ಕೊಡುವ ಧೈರ್ಯವೇ ಬೇರೆ. ಅಷ್ಟು ಇಷ್ಟಪಟ್ಟೂ, ನಿಮ್ಮ ದಾರಿಗೆ ಬೇಡ ಅಂತಲೇ ಹೇಳುತ್ತೇನೆ. ನನ್ನ ಕೆಲಸ ಪೀಣ್ಯದಲ್ಲಿ, ಬೆಳಿಗ್ಗೆ ಏಳಕ್ಕೇ ಮನೆ ಬಿಡುತ್ತೇನೆ. ಹಾಗಾಗಿ ನಡೆದುಕೊಂಡು ಹೋಗುತ್ತಿದೆ.

ಅದರಲ್ಲಿರುವುದು ಡಿಕ್ಯೂ200 ಗೇರ್‌ಬಾಕ್ಸ್. ಏಳು ಗೇರು, ಎರಡು ಒಣ ಕ್ಲಚ್. ಕ್ಲಚ್‌ಗಳು ಎಣ್ಣೆಯಲ್ಲಿ ಇರುವುದಿಲ್ಲ, ಅದಕ್ಕೇ ಬಿಸಿ ಬೇಗ ಇಳಿಯುವುದಿಲ್ಲ. ಸಿಲ್ಕ್ ಬೋರ್ಡಿನಲ್ಲಿ ಬ್ರೇಕ್ ಸ್ವಲ್ಪ ಬಿಟ್ಟು, ಎರಡಡಿ ಮುಂದೆ ಹೋಗಿ, ಮತ್ತೆ ಒತ್ತುತ್ತೀರಲ್ಲ, ಪ್ರತಿ ಸಲವೂ ಕ್ಲಚ್ ಅರ್ಧ ಹಿಡಿದು ಉಜ್ಜುತ್ತದೆ. ಮುಂದಿನ ಗಾಡಿಗೆ ನಾಲ್ಕು ಮಾರು ಜಾಗ ಬಿಟ್ಟು ಒಂದೇ ಸಲ ಹೊರಟರೆ ಒಳ್ಳೆಯದು. ಆದರೆ ನಮ್ಮೂರಲ್ಲಿ ಆ ಜಾಗಕ್ಕೆ ಆಟೊ ಬಂದು ನಿಲ್ಲುತ್ತೆ, ಅಲ್ವಾ? ಕ್ಲಚ್ ಸವೆದರೆ ಹೇಗೋ ಬದಲಾಯಿಸಬಹುದು. ಮೆಕಾಟ್ರಾನಿಕ್ಸ್, ಅಂದರೆ ಗೇರ್ ಬದಲಿಸುವ ಕಂಪ್ಯೂಟರ್ ಮತ್ತು ಹೈಡ್ರಾಲಿಕ್ ಭಾಗ, ಕೈಕೊಟ್ಟರೆ ಬಿಲ್ಲು ಲಕ್ಷ ದಾಟುತ್ತದೆ.

ಆದರೂ ಅದೇ ಬೇಕು ಅನಿಸಿದರೆ, ನೈಸ್ ರೋಡಿನ ಟೆಸ್ಟ್ ಡ್ರೈವ್ ಸಾಲದು. ಸಂಜೆ ಆರೂವರೆಗೆ ಓನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುಮನಹಳ್ಳಿ ಜಂಕ್ಷನ್ ಕಡೆ ಹೋಗಿ. ಅರ್ಧ ಗಂಟೆ ನಿಂತು ಹೊರಟು ಮಾಡಿದ ಮೇಲೆ ಯಾವುದಾದರೂ ಬೇಸ್‌ಮೆಂಟ್ ರ‍್ಯಾಂಪ್ ಮೇಲೆ ನಿಲ್ಲಿಸಿ. ಬ್ರೇಕ್ ಬಿಟ್ಟು ನಿಧಾನಕ್ಕೆ ಹತ್ತಿಸಿ. ಆಮೇಲೆ ರಿವರ್ಸಿನಲ್ಲಿ ಹತ್ತಿಸಿ. ಸ್ಟೇರಿಂಗ್, ಸೀಟು ಗಡಗಡ ನಡುಗಿದರೆ ಕ್ಲಚ್ ಮುಗಿಯುತ್ತಾ ಬಂದಿದೆ. ಎರಡರಿಂದ ಒಂದಕ್ಕೆ ಇಳಿಯುವಾಗ ಧಕ್ ಅಂತ ಒದ್ದರೂ ಅನುಮಾನ ಪಡಿ. ಗೇರ್ ತೋರಿಸುವ ಜಾಗ ಮಿಣಮಿಣ ಅಂದರೆ ಕೀ ವಾಪಸ್ ಕೊಟ್ಟು ಬನ್ನಿ.

ಹಿಂದಿನವರು ಇಸಿಯು ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಟಾರ್ಕ್ ಏರಿಸುವುದು) ಮಾಡಿಸಿದ್ದಾರಾ ಅಂತ ನೇರವಾಗಿ ಕೇಳಿ. ಆ ಗೇರ್‌ಬಾಕ್ಸ್ ತಡೆಯುವುದು 250 ನ್ಯೂಟನ್ ಮೀಟರ್‌ವರೆಗೆ ಮಾತ್ರ. ಇನ್ನೊಂದು ಮಾತು, 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟುಗಳಲ್ಲಿ ನೀರು ತುಂಬಿತ್ತು. ಯಾವ ಗಾಡಿ ನೋಡಿದರೂ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಒಳಗಿನ ತುದಿಯಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ, ಅದನ್ನು ಯಾರೂ ತೊಳೆಯುವುದಿಲ್ಲ. ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯಾ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೆಸರಿದೆಯಾ ಅಂತಲೂ ನೋಡಿ.

ನನ್ನ ಸಲಹೆ ಒಂದೇ. ನಿಮ್ಮ ದಾರಿಗೆ ಮೊದಲು ಗೇರ್‌ಬಾಕ್ಸ್ ಆರಿಸಿ, ಎಂಜಿನ್ ಆಮೇಲೆ. 2020ರಲ್ಲಿ ಪೋಲೊಗೆ 1.0 ಟಿಎಸ್‌ಐ ಬಂತು. ಮೂರು ಸಿಲಿಂಡರ್, 110 ಪಿಎಸ್, ಟಾರ್ಕ್ ಅದೇ 175. ಅದರ ಆಟೊಮ್ಯಾಟಿಕ್ 6 ಗೇರಿನ ಟಾರ್ಕ್ ಕನ್ವರ್ಟರ್, ಅಂದರೆ ಒಣ ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವಂಥದ್ದು, ತೆವಳುವ ಟ್ರಾಫಿಕ್ಕಿಗೆ ಹೇಳಿ ಮಾಡಿಸಿದ್ದು. ಜಿಟಿ ಬ್ಯಾಡ್ಜ್ ಇದ್ದರೆ ರೇಟು ಜಾಸ್ತಿ ಕೇಳುತ್ತಾರೆ. ಅದೇ ಎಂಜಿನ್ 6 ಸ್ಪೀಡ್ ಮ್ಯಾನ್ಯುಯಲ್ ಜೊತೆ ಪೋಲೊದ ಹೈಲೈನ್ ಪ್ಲಸ್ ಮಾಡೆಲ್‌ನಲ್ಲೂ ಇತ್ತು. ಅದನ್ನು ಹುಡುಕಿ.

ಚೇಳಿನ ಅಭಿಮಾನಿ:

ಅಬಾರ್ತ್ ಪುಂಟೊ ಬಗ್ಗೆ ಯಾರೂ ಹೇಳಲಿಲ್ಲ. 1.4 ಟಿ-ಜೆಟ್, 145 ಪಿಎಸ್. ಓಡಿಸಿದರೆ ಬಿಡಲು ಮನಸ್ಸಾಗುವುದಿಲ್ಲ. ಆದರೆ ಗ್ರೌಂಡ್ ಕ್ಲಿಯರೆನ್ಸ್ 155 ಮಿಲಿಮೀಟರ್. ನಮ್ಮ ಬಡಾವಣೆಯ ಹಂಪುಗಳ ಮೇಲೆ ನಾಲ್ಕು ಜನ ಕೂತರೆ ತಳ ಉಜ್ಜುತ್ತದೆ. ಫಿಯಟ್ ಕಾರುಗಳ ಮಾರಾಟವೂ ಇಲ್ಲಿ ನಿಂತಿದೆ, ಬಿಡಿಭಾಗಕ್ಕೆ ಅಲೆಯಬೇಕು. ಮನೆಯಲ್ಲಿ ಇನ್ನೊಂದು ಗಾಡಿ ಇದ್ದರೆ ಮಾತ್ರ ತಗೊಳ್ಳಿ.

ನಾಗರಭಾವಿ ಸವಾರ:

ಎಲ್ಲರಿಗೂ ಥ್ಯಾಂಕ್ಸ್. ವಿಜಯನಗರದ ಅಣ್ಣ ಹೇಳಿದಂತೆ ಸಂಜೆ ಓಡಿಸಿದೆ. ರಿವರ್ಸಿನಲ್ಲಿ ರ‍್ಯಾಂಪ್ ಹತ್ತಿಸುವಾಗ ಸ್ಟೇರಿಂಗ್ ಕೈಗೆ ತಿಳಿಯುವಷ್ಟು ನಡುಗಿತು. ಬಿಟ್ಟೆ. ಈಗ ಜಯನಗರದಲ್ಲಿ 2020ರ ಹೈಲೈನ್ ಪ್ಲಸ್ ಮ್ಯಾನ್ಯುಯಲ್ ಸಿಕ್ಕಿದೆ, ಒಬ್ಬರೇ ಓನರ್. ಹಿಂದಿನ ಸೀಟಿನಲ್ಲಿ ಅಪ್ಪನನ್ನು ಕೂರಿಸಿ ನೋಡಿದೆ, ಪರವಾಗಿಲ್ಲ ಅಂದರು. ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದೆ. ಸಾಲ ತೀರಿಸಿದ್ದೇನೆ ಅನ್ನುತ್ತಾರೆ. ಏನು ನೋಡಬೇಕು?

ಆರ್‌ಎಸ್ ಅಕ್ಕ:

ಸಾಲ ತೀರಿದರೆ ಬ್ಯಾಂಕಿನವರು ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಜೊತೆ ಸಹಿ ಮಾಡಿದ ಫಾರ್ಮ್ 35 ಕೊಡುತ್ತಾರೆ. ಅದನ್ನು ಆರ್‌ಟಿಓಗೆ ಕೊಟ್ಟರೆ ಬ್ಯಾಂಕಿನ ಹೆಸರು ತೆಗೆಯುತ್ತಾರೆ. ಹೆಸರು ಬದಲಾವಣೆಗೆ ಫಾರ್ಮ್ 29, 30 ಬೇರೆ. ಬಾಕಿ ದಂಡ ಇದೆಯಾ ಅಂತ ಗಾಡಿ ನಂಬರ್ ಹಾಕಿ ಮೊದಲೇ ನೋಡಿಕೊಳ್ಳಿ. ಚಾಸಿಸ್ ನಂಬರನ್ನು ಆರ್‌ಸಿ ಜೊತೆ ನೀವೇ ತಾಳೆ ನೋಡಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ಅವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಆ ವ್ಯತ್ಯಾಸದ ದುಡ್ಡು ಎತ್ತಿಡಿ. ಫಾರ್ಮ್ 35 ಕೈಗೆ ಬರುವವರೆಗೆ ಅಡ್ವಾನ್ಸ್ ಬಿಟ್ಟು ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.