ಟಿಪಿಜಿಎಸ್ ಜಾಸ್ತಿ ಮಾಡಿದರೆ ಔಷಧಿ ದಾಟುವುದು ಕಡಿಮೆ ಆಗ್ತಿದೆ, ಯಾಕೆ?

ಎಂ.ಫಾರ್ಮ್ ವಿದ್ಯಾರ್ಥಿನಿ, ಪುಣೆ
ನಮಸ್ಕಾರ. ಧಾರವಾಡದವಳು, ಇಲ್ಲಿ ಪುಣೆಯಲ್ಲಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧಿ ಕರುಳಿನ ಕೋಶದೊಳಗೆ ಬಂದರೂ ಅಲ್ಲಿನ ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪ್ ಅದನ್ನು ವಾಪಸ್ ಹೊರಗೆ ತಳ್ಳುತ್ತದೆ. ಅದನ್ನು ತಡೆಯಲು ವಿಟಮಿನ್ ಇ ಟಿಪಿಜಿಎಸ್ (ವಿಟಮಿನ್ ಇಯಿಂದ ಮಾಡಿದ, ಸೋಪಿನಂಥ ವಸ್ತು) ಹಾಕುತ್ತಿದ್ದೇನೆ. 21 ದಿನ ಬೆಳೆಸಿದ ಕ್ಯಾಕೊ-2 ಕೋಶಗಳ ಪದರ (ಕರುಳಿನ ಗೋಡೆಯ ಮಾದರಿ; ಮೇಲೆ ಕರುಳಿನ ಕಡೆ, ಕೆಳಗೆ ರಕ್ತದ ಕಡೆ), ಟೀರ್ (ಪದರ ಎಷ್ಟು ಬಿಗಿ ಎಂದು ತೋರಿಸುವ ವಿದ್ಯುತ್ ತಡೆ) ಚೆನ್ನಾಗಿದೆ. 0.01% ಹಾಕಿದಾಗ ಮೇಲಿನಿಂದ ಕೆಳಕ್ಕೆ ಔಷಧಿ ಜಾಸ್ತಿ ದಾಟಿತು. 0.1% ಮಾಡಿದರೆ ಟಿಪಿಜಿಎಸ್ ಹಾಕದ ವೆಲ್‌ಗಿಂತಲೂ (ಪ್ರಯೋಗದ ಪುಟ್ಟ ಗುಳಿ) ಕಡಿಮೆ! ಕೋಶಗಳು ಸಾಯುತ್ತಿವೆಯಾ? ಸೋಮವಾರ ಗೈಡ್‌ಗೆ ತೋರಿಸಬೇಕು.

ಫಾರ್ಮುಲೇಶನ್ ಕೆಲಸ, ಮುಂಬೈ
ತಂಗಿ, ಕೋಶ ಸತ್ತರೆ ಪದರ ಸೋರುತ್ತದೆ, ಔಷಧಿ ಜಾಸ್ತಿ ದಾಟಬೇಕು. ನಿಮಗೆ ಆಗಿರುವುದು ಉಲ್ಟಾ. ಆದರೂ ಲೂಸಿಫರ್ ಯೆಲ್ಲೋ (ಬಿಗಿಯಾದ ಪದರವನ್ನು ಅಷ್ಟಾಗಿ ದಾಟದ ಬಣ್ಣ) ಹಾಕಿ ಸೋರಿಕೆ ನೋಡಿಬಿಡಿ.

ನನಗೆ ಅನುಮಾನ ಮೈಸೆಲ್ ಮೇಲೆ. ಟಿಪಿಜಿಎಸ್ ಸುಮಾರು 0.02% ದಾಟಿದ ಕೂಡಲೇ ಅದರ ಅಣುಗಳು ಗುಂಪುಗೂಡಿ ಮೈಸೆಲ್ ಆಗುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್‌ಗೆ ನೀರು ಆಗಿಬರದು, ಹೋಗಿ ಅದರೊಳಗೆ ಕೂರುತ್ತದೆ. ಪದರ ದಾಟುವುದು ಬಿಡಿಯಾಗಿರುವ ಔಷಧಿ ಮಾತ್ರ. ಪಂಪ್ ನಿಂತಿದ್ದರೂ ದಾಟಲು ಔಷಧಿಯೇ ಉಳಿದಿಲ್ಲ. ಕೆಳಗಿನಿಂದ ಮೇಲಕ್ಕೂ ಅಳೆದಿರಾ?

ಎಂ.ಫಾರ್ಮ್ ವಿದ್ಯಾರ್ಥಿನಿ, ಪುಣೆ
ಅಳೆದಿದ್ದೇನೆ ಸರ್. 0.1%ನಲ್ಲಿ ಅದು ಏರಿದೆ, ಹಾಗಾಗಿ ಎಫ್ಲಕ್ಸ್ ರೇಶಿಯೋ (ಕೆಳಗಿನಿಂದ ಮೇಲಕ್ಕೆ ದಾಟುವುದನ್ನು ಮೇಲಿನಿಂದ ಕೆಳಕ್ಕೆ ದಾಟುವುದರಿಂದ ಭಾಗಿಸಿದ್ದು) ಕೂಡ ಏರಿದೆ. ಪಿ-ಗ್ಲೈಕೋಪ್ರೋಟೀನ್ ತಡೆಯೇ ಆಗಿಲ್ಲ ಅಂತಲ್ವಾ?

ಫಾರ್ಮುಲೇಶನ್ ಕೆಲಸ, ಮುಂಬೈ
ಹಾಗೆ ಹೇಳಲಾಗದು. ಟಿಪಿಜಿಎಸ್ ಇರುವುದು ಮೇಲಿನ ಕಡೆ ಮಾತ್ರ, ಅಲ್ವಾ? ಕೆಳಗಿನಿಂದ ಬಂದ ಔಷಧಿಯನ್ನು ಅಲ್ಲಿನ ಮೈಸೆಲ್ ಹಿಡಿದಿಟ್ಟುಕೊಳ್ಳುತ್ತದೆ, ವಾಪಸ್ ಬಿಡುವುದಿಲ್ಲ. ಪಂಪ್ ಕೆಲಸ ಮಾಡಿದಂತೆಯೇ ಕಾಣುತ್ತದೆ. ಮೈಸೆಲ್ ಇರುವ ಕಡೆ ಬರೀ ರೇಶಿಯೋ ನಂಬಬೇಡಿ. 0.02%ರ ಕೆಳಗೇ ಎರಡು ಮೂರು ಪ್ರಮಾಣ ಇಟ್ಟು ಎರಡೂ ದಿಕ್ಕಿನಲ್ಲಿ ಅಳೆಯಿರಿ. ಪಕ್ಕದಲ್ಲಿ 100 ಮೈಕ್ರೋಮೋಲಾರ್ ವೆರಪಮಿಲ್ (ಈ ಪಂಪ್ ತಡೆಯುವ ಔಷಧಿ) ಹಾಕಿದ ವೆಲ್ ಇರಲಿ. ಅದು ಮೈಸೆಲ್ ಕಟ್ಟುವುದಿಲ್ಲ. ಪಂಪ್ ನಿಂತರೆ ಎಷ್ಟು ದಾಟುತ್ತದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಸಂಶೋಧಕಿ, ಗೋವಾ
ಒಂದು ಸೇರಿಸುತ್ತೇನೆ. ಪ್ಯಾಕ್ಲಿಟ್ಯಾಕ್ಸೆಲ್ ಪ್ಲಾಸ್ಟಿಕ್‌ಗೂ ಅಂಟುತ್ತದೆ. ಮೇಲಿನದು, ಕೆಳಗಿನದು, ಕೋಶದೊಳಗಿನದು ಕೂಡಿಸಿ ಹಾಕಿದ್ದೆಲ್ಲ ಸಿಕ್ಕಿತಾ ನೋಡಿ. ಈ ಲೆಕ್ಕ ಕೂಡದಿದ್ದರೆ ಮುಂದಿನ ಅಂಕಿ ಯಾವುದೂ ಪ್ರಯೋಜನಕ್ಕೆ ಬರದು.

ಎಂ.ಫಾರ್ಮ್ ವಿದ್ಯಾರ್ಥಿನಿ, ಪುಣೆ
ಆಯ್ತು ಅಕ್ಕ. ಸರ್, ಹಾಗಾದರೆ ಕ್ಯಾಪ್ಸೂಲ್‌ನಲ್ಲಿ ಎಷ್ಟು ಟಿಪಿಜಿಎಸ್ ಹಾಕಲಿ?

ಫಾರ್ಮುಲೇಶನ್ ಕೆಲಸ, ಮುಂಬೈ
250 ಎಂಎಲ್ ನೀರಿನ ಜೊತೆ ನುಂಗುತ್ತಾರೆ ಅಂತ ಇಟ್ಟುಕೊಳ್ಳಿ. 50 ಮಿಲಿಗ್ರಾಂ ಹಾಕಿದರೆ ಅಲ್ಲಿಗೇ 0.02% ಆಯಿತು. ಆದರೆ ಕರುಳಿನಲ್ಲಿ ನೀರು ಬೇಗ ಹೀರಿಹೋಗಿ ಟಿಪಿಜಿಎಸ್ ಸಾಂದ್ರತೆ ಏರುತ್ತದೆ, ಪಿತ್ತವೂ ಸೇರಿ ಮೈಸೆಲ್ ಕಟ್ಟುತ್ತದೆ. ಅದಕ್ಕೆ 50ಕ್ಕಿಂತ ಕೆಳಗಿನಿಂದ ಶುರುಮಾಡಿ. ಮೊದಲು ವೆರಪಮಿಲ್ ವೆಲ್‌ನ ಅಂಕಿ ಇಲ್ಲಿ ಹಾಕಿ, ಸೋಮವಾರದ ಒಳಗೆ ನೋಡಿ ಹೇಳುತ್ತೇನೆ.